ಬಲಗಡೆ ಸೀಟಿನ ಕೆಲಸ



ಈ ದತ್ತಿ ಉಪನ್ಯಾಸದ ಷರತ್ತು ನನಗೆ ಹಿಡಿಸಿತು. ವರ್ಷಕ್ಕೊಬ್ಬರು ಬಂದು, ತಮ್ಮ ಕಸುಬನ್ನು ಇನ್ನೊಬ್ಬರಿಗೆ ಹೇಗೆ ಕಲಿಸುತ್ತಾರೆ ಅನ್ನುವುದನ್ನಷ್ಟೇ ಹೇಳಬೇಕು, ಆತ್ಮಕಥೆ ಬೇಡ ಎಂದು ಕಾರ್ಯದರ್ಶಿಗಳು ಫೋನಿನಲ್ಲೇ ಹೇಳಿಬಿಟ್ಟರು. ಹೋದ ವರ್ಷ ಮಗ್ಗದ ಕೆಲಸ ಕಲಿಸುವವರು ಮಾತಾಡಿದ್ದರಂತೆ. ಈ ಸಲ ವಿಮಾನದ ಸರದಿ. ಮುಂದಿನ ಎರಡು ಸಾಲಿನಲ್ಲಿ ಕೂತಿರುವ ಹುಡುಗ ಹುಡುಗಿಯರು ಈಚೆಗಷ್ಟೇ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ ಕೆಲಸಕ್ಕೆ ಸೇರಿದವರು. ಮಾತು ಮುಖ್ಯವಾಗಿ ಅವರಿಗೆ. ಉಳಿದವರಿಗೂ ಕೇಳಿಸಿಕೊಳ್ಳಲು ಒಂದಿಷ್ಟು ಸಿಕ್ಕೀತು. ನಿಮ್ಮಲ್ಲಿ ಯಾರದಾದರೂ ಮಗಳು ಪೈಲಟ್ ಆಗುತ್ತೇನೆ ಅಂದಿದ್ದರೆ, ಅವಳ ಪಕ್ಕ ಕೂರುವವರು ಯಾರು ಅನ್ನುವುದಾದರೂ ತಿಳಿಯುತ್ತದೆ.

ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಅದರ ಮೇಲೆ ಸ್ವಲ್ಪ ತರಬೇತಿ, ಪರೀಕ್ಷೆ ಮುಗಿಸಿದರೆ ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್ ಸಿಗುತ್ತದೆ. ಅಂದರೆ ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯದವರು, ನಿನ್ನೆ ಮೊನ್ನೆಯವರೆಗೆ ತಾವೇ ಬೈಸಿಕೊಳ್ಳುತ್ತಿದ್ದವರು, ಇವತ್ತು ಕಲಿಸಲು ಕೂರುತ್ತಾರೆ. ವಾಯುಪಡೆಯಲ್ಲಿ ಹೀಗಿಲ್ಲ. ಅಲ್ಲಿ ಕಲಿಸುವವರನ್ನು ತಯಾರು ಮಾಡುವುದಕ್ಕೆಂದೇ ತಾಂಬರಂನಲ್ಲಿ ಒಂದು ಶಾಲೆಯಿದೆ. ತಿಂಗಳುಗಟ್ಟಲೆ ಅದೊಂದನ್ನೇ ಕಲಿಸುತ್ತಾರೆ. ನಮ್ಮ ಸಿವಿಲ್ ಕಡೆಯಲ್ಲಿ ಅಷ್ಟು ಪುರಸೊತ್ತು ಯಾರಿಗೂ ಇಲ್ಲ. ಕಲಿಸುತ್ತಲೇ ಕಲಿಸುವುದನ್ನು ಕಲಿಯಬೇಕು. ಇದನ್ನು ದೂರಾಗಿ ಹೇಳುತ್ತಿಲ್ಲ. ಆದರೆ ಮೊದಲ ಆರು ತಿಂಗಳು ನಿಮಗೆ ಕಷ್ಟವಾಗುವುದು ಯಾಕೆ ಅನ್ನುವುದಕ್ಕೆ ಇದೇ ಕಾರಣ, ನಿಮ್ಮ ದಡ್ಡತನವಲ್ಲ.

ರೇಟಿಂಗಿಗಾಗಿ ನೀವು ಆಗಲೇ ಕಲಿಸುವವರು ಕೂರುವ ಬಲಗಡೆ ಸೀಟಿನಲ್ಲಿ ಕೂತಿದ್ದೀರಿ. ಎಡಗಡೆ ಇದ್ದವರು ವಿದ್ಯಾರ್ಥಿಯ ಪಾತ್ರ ಹಾಕಿದ್ದ ಹಿರಿಯ ಇನ್‌ಸ್ಟ್ರಕ್ಟರ್. ಅವರು ಬೇಕೆಂದೇ ಮಾಡಿದ ತಪ್ಪುಗಳೆಲ್ಲ ಪುಸ್ತಕದಲ್ಲಿದ್ದ ತಪ್ಪುಗಳು. ನಿಜವಾದ ವಿದ್ಯಾರ್ಥಿ ಪುಸ್ತಕ ನೋಡಿಕೊಂಡು ತಪ್ಪು ಮಾಡುವುದಿಲ್ಲ. ಅವನು ರಡರ್ ಒತ್ತಬೇಕಾದ ಕಡೆ ಎರಡೂ ಬ್ರೇಕ್ ಒತ್ತುತ್ತಾನೆ. ಟ್ರಿಮ್ ಚಕ್ರವನ್ನು ಉಲ್ಟಾ ತಿರುಗಿಸಿ, ವಿಮಾನ ಯಾಕೋ ಭಾರವಾಗಿದೆ ಸರ್ ಎನ್ನುತ್ತಾನೆ. ಆಗ ನಿಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ಇವತ್ತು ನಾನು ಹೇಳಬೇಕಾದದ್ದೆಲ್ಲ ಆ ಕೈಯ ಬಗ್ಗೆಯೇ. ಅದು ಎಲ್ಲಿರಬೇಕು, ಯಾವಾಗ ಮುಂದೆ ಹೋಗಬೇಕು, ಎಷ್ಟು ಹೊತ್ತು ತಡೆದುಕೊಳ್ಳಬೇಕು.

ಈ ಪ್ರಶ್ನೆ ಹೊಸದಲ್ಲ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್‌ನಲ್ಲಿ ಕಲಿಸುವುದು ಅಂದರೆ ಬೇಡದ ಕೆಲಸ. ರಣರಂಗದಲ್ಲಿ ದಣಿದು ಬಂದವರನ್ನು ಅದಕ್ಕೆ ಹಾಕುತ್ತಿದ್ದರು. ಅವರು ತಮ್ಮ ಶಿಷ್ಯರನ್ನು ‘ಹನ್’ ಎಂದು ಕರೆಯುತ್ತಿದ್ದರು. ಜರ್ಮನ್ ಶತ್ರುವಿಗಿಟ್ಟ ಹೆಸರು ಅದು. ಶತ್ರುವಿನಷ್ಟೇ ಇವರಿಂದಲೂ ಪ್ರಾಣಕ್ಕೆ ಅಪಾಯ ಅನ್ನುವುದು ತಮಾಷೆ. ಕಾಲು ಮುರಿದುಕೊಂಡೂ ಮತ್ತೆ ಹಾರಿದ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಫ್ರಾನ್ಸಿನಲ್ಲಿ ಒಂದು ಸ್ಕ್ವಾಡ್ರನ್ನಿನ ಮುಖ್ಯಸ್ಥನಾಗಿದ್ದಾಗ, ತನ್ನ ಬಳಿಗೆ ಬರುತ್ತಿದ್ದ ಹುಡುಗರಿಗೆ ಸರಿಯಾಗಿ ಹಾರಲಿಕ್ಕೇ ಬರುವುದಿಲ್ಲ ಎಂದು ಕಂಡು ಮೇಲಿನವರಿಗೆ ಪತ್ರದ ಮೇಲೆ ಪತ್ರ ಬರೆದ. ಹಾಗಾದರೆ ನೀನೇ ಕಲಿಸು ಎಂದು ಅವನನ್ನು ಗೋಸ್‌ಪೋರ್ಟ್‌ಗೆ ಕಳಿಸಿದರು. 1917ರಲ್ಲಿ ಅವನು ಅಲ್ಲಿ ಮಾಡಿದ್ದೇ ಇವತ್ತಿಗೂ ನಮ್ಮ ಕಸುಬಿನ ತಳಪಾಯ. ಎರಡೂ ಸೀಟಿಗೆ ಪೂರ್ತಿ ಕಂಟ್ರೋಲ್ ಇರುವ ಆವ್ರೊ 504 ವಿಮಾನ ತೆಗೆದುಕೊಂಡ. ಎಂಜಿನ್ನಿನ ಗದ್ದಲದಲ್ಲೂ ಮಾತು ಕೇಳಿಸಲಿ ಎಂದು ಒಂದು ರಬ್ಬರ್ ಕೊಳವೆ. ಅದಕ್ಕೆ ಇವತ್ತಿಗೂ ಗೋಸ್‌ಪೋರ್ಟ್ ಟ್ಯೂಬ್ ಎಂದೇ ಹೆಸರು. ಅದಕ್ಕಿಂತ ದೊಡ್ಡ ಸಂಗತಿ ಅಂದರೆ, ಅಪಾಯದ ಆಟಗಳಿಂದ ಶಿಷ್ಯನನ್ನು ದೂರವಿಡುವುದನ್ನು ಬಿಟ್ಟ. ಗಿರಕಿ ಹೊಡೆಯುತ್ತಾ ಬೀಳುವ ಸ್ಪಿನ್ ಆಗಲಿ, ಅಡ್ಡಗಾಳಿಯ ಲ್ಯಾಂಡಿಂಗ್ ಆಗಲಿ, ಶಿಷ್ಯನ ಕೈಯಿಂದಲೇ ಅದರೊಳಗೆ ಹೋಗಿಸಿ ಅವನ ಕೈಯಿಂದಲೇ ಹೊರಗೆ ತರಿಸಿದ.

ಹಾಗಂತ ಎಲ್ಲವನ್ನೂ ಮಾಡಲು ಬಿಡಬೇಕೇ? ಇಲ್ಲ. ಎಲ್ಲಿಯವರೆಗೆ ಬಿಡುತ್ತೀರಿ ಅನ್ನುವ ಗೆರೆಯನ್ನು ನೆಲದ ಮೇಲೆ, ಎಂಜಿನ್ ಚಾಲೂ ಆಗುವ ಮೊದಲೇ, ತಣ್ಣಗೆ ಕೂತು ಎಳೆದುಕೊಂಡಿರಬೇಕು. ಗಾಳಿಯಲ್ಲಿ ಎಳೆಯಲು ಹೋದರೆ ಅದು ನಿಮ್ಮ ಹೆದರಿಕೆಯ ಲೆಕ್ಕದಲ್ಲಿ ದಿನಕ್ಕೊಂದು ಕಡೆ ಬೀಳುತ್ತದೆ.

ಒಂದು ಲ್ಯಾಂಡಿಂಗ್ ತೆಗೆದುಕೊಳ್ಳೋಣ. ಸೆಸ್ನಾ 172. ವಿದ್ಯಾರ್ಥಿ 65 ನಾಟ್ ಆಸುಪಾಸಿನಲ್ಲಿ ಚೆನ್ನಾಗಿಯೇ ಇಳಿಯುತ್ತಾ ಬಂದಿದ್ದಾನೆ. ಆದರೆ ಕಣ್ಣು ರನ್‌ವೇಯ ಆ ತುದಿಯಲ್ಲಿಲ್ಲ, ಮೂಗಿನ ಮುಂದೆಯೇ ಇದೆ. ನೆಲ ತನ್ನತ್ತ ಧಾವಿಸುತ್ತಿರುವ ಹಾಗೆ ಕಾಣುತ್ತದೆ, ಎತ್ತುವುದು ತಡವಾಗುತ್ತದೆ, ಚಕ್ರ ಬಡಿದು ವಿಮಾನ ಐದಾರು ಅಡಿ ಪುಟಿಯುತ್ತದೆ. ಇಲ್ಲಿಯವರೆಗಿನದು ಅವನ ತಪ್ಪು, ಅವನಿಗೇ ಬಿಡಿ. ಟೈರು ಇದನ್ನೆಲ್ಲ ತಡೆದುಕೊಳ್ಳುತ್ತದೆ. ಮುಂದಿನ ಒಂದು ಸೆಕೆಂಡು ಬೇರೆ. ಪುಟಿದ ಕೂಡಲೇ ಕೆಳಗೆ ಹೋಗಬೇಕು ಅನ್ನುವ ಆತುರದಲ್ಲಿ ಅವನು ಯೋಕನ್ನು ಮುಂದಕ್ಕೆ ತಳ್ಳುತ್ತಾನೆ. ತಳ್ಳಿದರೆ ಈ ಸಲ ಮೊದಲು ನೆಲ ಮುಟ್ಟುವುದು ಮೂಗಿನ ಚಕ್ರ. ಅದನ್ನು ಆ ಪೆಟ್ಟಿಗೆ ಮಾಡಿಲ್ಲ. ಎರಡನೇ ಪುಟಿತ ಮೊದಲಿನದಕ್ಕಿಂತ ದೊಡ್ಡದು, ಮೂರನೆಯದು ಅದಕ್ಕಿಂತ ದೊಡ್ಡದು. ಪ್ರೊಪೆಲ್ಲರ್ ನೆಲ ಕೆರೆದರೆ ಎಂಜಿನ್ ಬಿಚ್ಚಿ ನೋಡಬೇಕು. ಹಾಗಾಗಿ ಗೆರೆ ಇಲ್ಲಿದೆ: ಪುಟಿದ ಮೇಲೆ ಮೂಗು ಕೆಳಗೆ ಹೋಗುವ ಸೂಚನೆ ಕಂಡರೆ ವಿಮಾನ ನಿಮ್ಮದು. ‘ಐ ಹ್ಯಾವ್ ಕಂಟ್ರೋಲ್’ ಎನ್ನಿ, ಮೂಗನ್ನು ಅಲ್ಲೇ ಹಿಡಿಯಿರಿ, ಫುಲ್ ಥ್ರಾಟಲ್, ಇಳಿಯುವುದನ್ನು ಬಿಟ್ಟು ಗೋ-ಅರೌಂಡ್. ‘ಯು ಹ್ಯಾವ್ ಕಂಟ್ರೋಲ್’ ಎಂದು ಅವನು ಬಾಯಿಬಿಟ್ಟು ಹೇಳಿ ಕೈಬಿಡಬೇಕು. ಇಬ್ಬರೂ ಹಿಡಿದಿರುವ ವಿಮಾನ, ಇಬ್ಬರೂ ಬಿಟ್ಟಿರುವ ವಿಮಾನ ಎರಡೂ ಒಂದೇ. ಸುತ್ತು ಹಾಕಿ ಮತ್ತೆ ಸರ್ಕ್ಯೂಟಿನಲ್ಲಿ ಸಾವಿರ ಅಡಿಗೆ ಬಂದ ಮೇಲೆ ಕಂಟ್ರೋಲ್ ಅವನಿಗೆ ವಾಪಸ್ ಕೊಡಿ. ವಾಪಸ್ ಕೊಡುವುದನ್ನು ಮರೆಯುವವರೇ ಹೆಚ್ಚು.

ಇನ್ನು ಕಾಲು. ಹೊಸ ಇನ್‌ಸ್ಟ್ರಕ್ಟರುಗಳ ಕೈಗಿಂತ ದೊಡ್ಡ ಕಳ್ಳ ಕಾಲು. ರಡರ್ ಪೆಡಲಿನ ಮೇಲೆ ಪಾದ ಇಟ್ಟುಕೊಂಡು, ತನಗೇ ಗೊತ್ತಿಲ್ಲದೆ ಅಷ್ಟಷ್ಟೇ ಒತ್ತುತ್ತಿರುತ್ತಾರೆ. ವಿಮಾನ ನೇರವಾಗಿ ಓಡುತ್ತದೆ. ವಿದ್ಯಾರ್ಥಿ ತಾನೇ ಓಡಿಸಿದೆ ಅಂದುಕೊಳ್ಳುತ್ತಾನೆ, ನೀವು ಇವನಿಗೆ ಬಂತು ಅಂದುಕೊಳ್ಳುತ್ತೀರಿ. ಇಬ್ಬರಿಗೂ ಮೋಸ. ಪಾದ ಪೆಡಲಿನ ಹತ್ತಿರ ಇರಲಿ, ಮೇಲೆ ಬೇಡ. ಬಾಯಿಯೂ ಅಷ್ಟೇ. ಸಂಗೀತದ ಮೇಷ್ಟ್ರು ಶಿಷ್ಯನ ಜೊತೆಜೊತೆಗೇ ಹಾಡುತ್ತಿದ್ದರೆ ಶಿಷ್ಯನ ಅಪಸ್ವರ ಮೇಷ್ಟ್ರಿಗೆ ಕೇಳಿಸುವುದೇ ಇಲ್ಲ. ‘ಸ್ಪೀಡ್, ಸ್ಪೀಡ್, ಫ್ಲ್ಯಾಪ್, ರೈಟ್ ರಡರ್’ ಎಂದು ಡೌನ್‌ವಿಂಡಿನಿಂದ ಟಚ್‌ಡೌನ್‌ವರೆಗೆ ಜಪ ಮಾಡುವ ಇನ್‌ಸ್ಟ್ರಕ್ಟರನ ವಿದ್ಯಾರ್ಥಿ ಒಬ್ಬನೇ ಸೋಲೋ ಹೋದ ದಿನ ಆ ದನಿಯನ್ನು ಹುಡುಕುತ್ತಾನೆ. ಮೊದಲ ಐದು ಲ್ಯಾಂಡಿಂಗಿಗೆ ಮಾತು ಬೇಕು, ಧಾರಾಳವಾಗಿ ಬೇಕು. ಆಮೇಲೆ ಹಾರಾಟಕ್ಕೊಂದರಂತೆ ಒಂದೊಂದು ಮಾತನ್ನು ಕಡಿಮೆ ಮಾಡಿ. ಮರೆತದ್ದನ್ನು ಅವನೇ ಕಂಡುಹಿಡಿಯಲಿ ಎಂದು ಸುಮ್ಮನೆ ಕೂತಿರುವ ಆ ಹತ್ತು ಸೆಕೆಂಡು ಈ ಕೆಲಸದಲ್ಲಿ ಅತಿ ದುಡಿಮೆಯ ಹೊತ್ತು.

ನೆಲದ ಮೇಲಿನ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಯಾಕೆಂದರೆ ಅದು ಲಾಗ್‌ಬುಕ್ಕಿಗೆ ಬರುವುದಿಲ್ಲ. ನನ್ನ ಪ್ರಕಾರ ಕಲಿಕೆಯ ಅರ್ಧ ಅಲ್ಲೇ ಆಗುವುದು. ಒಂದು ಸಣ್ಣ ಉದಾಹರಣೆ. ಬೆಳಿಗ್ಗೆ ಮೊದಲ ಹಾರಾಟಕ್ಕೆ ಮುಂಚೆ ರೆಕ್ಕೆಯ ಕೆಳಗಿನಿಂದ ಸ್ವಲ್ಪ ಪೆಟ್ರೋಲನ್ನು ಪಾರದರ್ಶಕ ಲೋಟಕ್ಕೆ ಇಳಿಸಿ ನೀರಿದೆಯೇ ಎಂದು ನೋಡಬೇಕು. ನಮ್ಮ ವಿಮಾನಗಳಿಗೆ ಹಾಕುವ 100 ಎಲ್‌ಎಲ್ ಪೆಟ್ರೋಲಿನ ಬಣ್ಣ ತಿಳಿನೀಲಿ. ನೀರು ಭಾರ, ತಳದಲ್ಲಿ ಕೂರುತ್ತದೆ, ನಡುವೆ ಒಂದು ಗೆರೆ ಕಾಣುತ್ತದೆ. ಎಲ್ಲ ವಿದ್ಯಾರ್ಥಿಗಳೂ ಏನು ಮಾಡುತ್ತಾರೆ? ಲೋಟವನ್ನು ಮೇಲಕ್ಕೆತ್ತಿ ಆಕಾಶದತ್ತ ಹಿಡಿಯುತ್ತಾರೆ. ರಾತ್ರಿ ಜೋರು ಮಳೆ ಬಂದು, ಟ್ಯಾಂಕಿನ ಮುಚ್ಚಳದಿಂದ ಇಳಿದು, ಲೋಟದ ತುಂಬ ಬರೀ ನೀರೇ ಬಂದಿದ್ದರೆ? ಗೆರೆಯೂ ಇರುವುದಿಲ್ಲ, ಆಕಾಶದ ನೀಲಿ ಲೋಟದೊಳಗೆ ಕಂಡು ಎಲ್ಲ ಸರಿಯಿದೆ ಅನ್ನಿಸುತ್ತದೆ. ಬಿಳಿ ರೆಕ್ಕೆಗೆ ಹಿಡಿದು ನೋಡಬೇಕು, ಮೂಸಿ ನೋಡಬೇಕು. ಇದನ್ನು ಹಾಗೇ ಹೇಳಿಬಿಡಬೇಡಿ. ಒಂದು ಲೋಟದಲ್ಲಿ ಬರೀ ನೀರು ತುಂಬಿ ಅವನ ಕೈಗೆ ಕೊಟ್ಟು, ಇದು ಏನು ಎಂದು ಕೇಳಿ. ಮೇಲಕ್ಕೆತ್ತಿ ನೋಡಿ ‘ಪೆಟ್ರೋಲ್ ಸರ್’ ಅಂದ ಹುಡುಗ ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನೊಂದು ಲೆಕ್ಕ, ಕರ್ನಾಟಕದಲ್ಲಿ ಕಲಿಸುವವರಿಗಾಗಿಯೇ. ಕಲಬುರಗಿಯಲ್ಲೂ ಬೆಳಗಾವಿಯಲ್ಲೂ ಈಗ ತರಬೇತಿ ಶಾಲೆಗಳಿವೆ. ಬೆಂಗಳೂರಿನ ಜಕ್ಕೂರಂತೂ ಮೈಸೂರು ಸಂಸ್ಥಾನದ ಕೊನೆಯ ದಿನಗಳಷ್ಟು ಹಳೆಯದು. ಬಿಸಿ ಗಾಳಿ ತೆಳುವಾಗಿರುತ್ತದೆ, ಎಂಜಿನ್ನೂ ರೆಕ್ಕೆಯೂ ಎರಡೂ ಸೊರಗುತ್ತವೆ ಎಂದು ಎಲ್ಲರಿಗೂ ಗೊತ್ತು. ಕಲಬುರಗಿಯ ಬಿಸಿಲಿಗೆ ಎಲ್ಲರೂ ಹೆದರುತ್ತಾರೆ. ಆದರೆ ಲೆಕ್ಕ ಹಾಕಿಸಿ: ಕಲಬುರಗಿ ಸುಮಾರು 1,500 ಅಡಿ ಎತ್ತರದಲ್ಲಿದೆ, 42 ಡಿಗ್ರಿ ಬಿಸಿಲಿನಲ್ಲಿ ವಿಮಾನಕ್ಕೆ ಅದು ಸುಮಾರು 5,100 ಅಡಿಯ ಹಾಗೆ. ಜಕ್ಕೂರು ಸುಮಾರು 3,000 ಅಡಿ, ಹಿತವಾದ 33 ಡಿಗ್ರಿಯಲ್ಲಿ ಅದು ಸುಮಾರು 5,900 ಅಡಿಯ ಹಾಗೆ. ಬೆಂಗಳೂರಿನ ತಂಪು ಮೈಗೆ ತಂಪು, ವಿಮಾನಕ್ಕಲ್ಲ. 110 ಕುದುರೆ ಶಕ್ತಿಯ ಸೆಸ್ನಾ 152ರಲ್ಲಿ ಇಬ್ಬರು ದಪ್ಪನೆಯವರು ಕೂತು ಮಧ್ಯಾಹ್ನ ಹೊರಟರೆ ಏರುವುದು ಎಷ್ಟು ನಿಧಾನ ಅನ್ನುವುದನ್ನು ವಿದ್ಯಾರ್ಥಿ ಕಾಗದದ ಮೇಲೆ ಮೊದಲು ಕಾಣಬೇಕು.

ಭಾಷೆಯ ವಿಷಯ ಹೇಳದಿದ್ದರೆ ಈ ವೇದಿಕೆಗೆ ಅನ್ಯಾಯ. ರೇಡಿಯೋದಲ್ಲಿ ಇಂಗ್ಲಿಷ್ ಬೇಕು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕನಿಷ್ಠ ನಾಲ್ಕನೇ ಹಂತ ಮುಟ್ಟಿರಬೇಕು. ಅದರಲ್ಲಿ ರಿಯಾಯಿತಿ ಬೇಡ. ಆದರೆ ರಾಯಚೂರು, ಚಿತ್ರದುರ್ಗದ ಕಡೆಯಿಂದ ಬಂದ ಹುಡುಗಿ ಸ್ಟಾಲ್ ಅಂದರೇನು ಎಂದು ಇಂಗ್ಲಿಷಿನಲ್ಲಿ ಗಿಳಿಪಾಠ ಒಪ್ಪಿಸಿದರೆ ಅವಳಿಗೆ ಗೊತ್ತಿದೆ ಎಂದು ನಂಬಬೇಡಿ. ಬ್ರೀಫಿಂಗ್ ರೂಮಿನಲ್ಲಿ ಕನ್ನಡದಲ್ಲೇ ಕೇಳಿ: ‘ಏನಮ್ಮಾ, ಎಂಜಿನ್ ಓಡ್ತಾ ಇದೆ, ಮೂಗು ಮೇಲಿದೆ, ಆದರೂ ವಿಮಾನ ಬೀಳೋದು ಯಾಕೆ?’ ಅಂಗೈಯನ್ನು ರೆಕ್ಕೆಯ ಹಾಗೆ ಹಿಡಿದು, ಗಾಳಿ ಯಾವ ಕಡೆಯಿಂದ ಬರುತ್ತಿದೆ, ಯಾವ ಕೋನಕ್ಕೆ ಕಿತ್ತುಹೋಗುತ್ತದೆ ಎಂದು ತನ್ನ ಮಾತಿನಲ್ಲಿ ವಿವರಿಸಿದಳೋ, ಆಗ ಬಂತು. ಆಮೇಲೆ ಇಂಗ್ಲಿಷಿಗೆ ತಿರುಗಿಸಿದರಾಯಿತು. ಕನ್ನಡ ಬಾರದ ವಿದ್ಯಾರ್ಥಿಗಳು ಪಕ್ಕದಲ್ಲಿದ್ದಾಗ ಮಾತ್ರ ಅವರನ್ನು ಹೊರಗಿಟ್ಟ ಹಾಗೆ ಆಗಬಾರದು. ಅಷ್ಟು ಮರ್ಯಾದೆ ಇರಲಿ.

ನಿಮ್ಮನ್ನು ಹಾಳುಮಾಡುವ ಶಕ್ತಿ ಇರುವುದು ‘ಎಸ್ ಸರ್’ ಅನ್ನುವ ಎರಡು ಪದಕ್ಕೆ. ಈ ತರಬೇತಿಗೆ ಅರ್ಧ ಕೋಟಿಯ ಆಸುಪಾಸು ಖರ್ಚಾಗುತ್ತದೆ. ಅಪ್ಪ ಹೊಲ ಅಡ ಇಟ್ಟಿರುತ್ತಾರೆ, ಅಮ್ಮನ ಬಳೆ ಬ್ಯಾಂಕಿನಲ್ಲಿರುತ್ತದೆ. ಅಂಥ ಹುಡುಗ ನಿಮಗೆ ಎದುರು ಮಾತಾಡುವುದಿಲ್ಲ. ನೀವು ತಪ್ಪು ಮಾಡುತ್ತಿರುವುದು ಕಣ್ಣಿಗೆ ಕಂಡರೂ ಮಾತಾಡುವುದಿಲ್ಲ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೋ ಜೆಟ್‌ಗಳು ಡಿಕ್ಕಿಯಾಗಿ 583 ಜನ ಸತ್ತರು. ಅಪ್ಪಣೆ ಸಿಗುವ ಮೊದಲೇ ಟೇಕ್‌ಆಫ್ ಶುರು ಮಾಡಿದ ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ವಾನ್ ಜಾಂಟೆನ್ ಆ ಕಂಪನಿಯ ಜಂಬೋ ತರಬೇತಿಯ ಮುಖ್ಯಸ್ಥ. ವರ್ಷಗಟ್ಟಲೆ ಸಿಮ್ಯುಲೇಟರಿನಲ್ಲಿ ಕಲಿಸಿದವನು. ಸಿಮ್ಯುಲೇಟರಿನಲ್ಲಿ ಟೇಕ್‌ಆಫ್ ಅಪ್ಪಣೆ ಕೊಡುವವನೂ ಇನ್‌ಸ್ಟ್ರಕ್ಟರೇ. ಅಲ್ಲಿ ಯಾರಿಗೂ ಕಾಯಬೇಕಾಗಿಲ್ಲ. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್, ಸ್ವಲ್ಪ ದಿನದ ಹಿಂದೆ ಇದೇ ಕ್ಯಾಪ್ಟನ್ನಿನ ಕೈಯಲ್ಲಿ ಪರೀಕ್ಷೆ ಪಾಸಾದವನು. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಹಿಂದೆ ಕೂತ ಫ್ಲೈಟ್ ಎಂಜಿನಿಯರ್ ಅನುಮಾನ ಎತ್ತಿದ. ಕ್ಯಾಪ್ಟನ್ ಬಿಟ್ಟಿದೆ ಅಂದ. ಮಾತು ಅಲ್ಲಿಗೆ ನಿಂತಿತು. ರೇಡಿಯೋದ ಗೊಂದಲ, ಮಂಜು, ತಡವಾಗುತ್ತಿದೆ ಅನ್ನುವ ಆತುರ, ಕಾರಣಗಳು ಇನ್ನೂ ಹಲವು ಇದ್ದವು. ಆದರೆ ಕಲಿಸುವವರೆಲ್ಲ ಓದಬೇಕಾದ ಭಾಗ ಇದು. ಪಕ್ಕದವನು ಬಾಯಿ ಬಿಡದ ಹಾಗೆ ಮಾಡಿಟ್ಟರೆ ನಿಮ್ಮ ತಪ್ಪನ್ನು ಹಿಡಿಯುವವರು ಯಾರೂ ಉಳಿಯುವುದಿಲ್ಲ.

ಅದಕ್ಕೇ ನನ್ನ ಸಲಹೆ: ಮೊದಲ ವಾರದಿಂದಲೇ ವಿದ್ಯಾರ್ಥಿಗೆ ನಿಮ್ಮನ್ನು ತಡೆಯುವ ಕೆಲಸ ಕೊಡಿ. ಬೇಕೆಂದೇ ಒಂದು ಚೆಕ್‌ಲಿಸ್ಟ್ ಸಾಲು ಬಿಟ್ಟುಬಿಡಿ, ತಪ್ಪು ಎತ್ತರಕ್ಕೆ ಏರಿ, ಅವನು ಹೇಳುತ್ತಾನೋ ನೋಡಿ. ಹೇಳಿದಾಗ ಸಂತೋಷಪಡಿ, ಹೇಳದಿದ್ದರೆ ಇಳಿದ ಮೇಲೆ ಕೇಳಿ. ಗದರುವವರು ಇನ್ನೂ ಇದ್ದಾರೆ. ನಮ್ಮ ಕಾಲದಲ್ಲಿ ಸ್ಕೇಲಿನಿಂದ ಮೊಣಕಾಲಿಗೆ ಹೊಡೆಯುತ್ತಿದ್ದರು, ಅದರಿಂದಲೇ ನಾವು ಕಲಿತೆವು ಎಂದು ಹೇಳಿಕೊಳ್ಳುವವರೂ ಇದ್ದಾರೆ. ನಾವು ಕಲಿತದ್ದು ಅದನ್ನೂ ದಾಟಿ, ಅದರಿಂದಲ್ಲ. ಹೆದರಿದವನ ಕಣ್ಣು ಇನ್‌ಸ್ಟ್ರುಮೆಂಟ್ ಮೇಲಿರುವುದಿಲ್ಲ, ನಿಮ್ಮ ಮುಖದ ಮೇಲಿರುತ್ತದೆ.

ನೀವೂ ‘ಎಸ್ ಸರ್’ ಅನ್ನುವ ಸ್ಥಾನದಲ್ಲೇ ಇದ್ದೀರಿ ಅನ್ನುವುದು ಗೊತ್ತು. ಸಾಲಿನಲ್ಲಿ ಆರು ಜನ ವಿದ್ಯಾರ್ಥಿಗಳು ಕಾದಿದ್ದಾರೆ, ಮಂಜು ಇನ್ನೂ ಪೂರ್ತಿ ಬಿಟ್ಟಿಲ್ಲ, ಆಫೀಸಿನಿಂದ ‘ಒಂದು ರೌಂಡ್ ಹೋಗಿ ನೋಡ್ಕೊಂಡು ಬಾರಪ್ಪಾ’ ಅನ್ನುತ್ತಾರೆ. ನಾನು ಕೆಲಸ ಮಾಡಿದ ಒಂದು ಕಡೆ, ರೇಡಿಯೋ ಆಗಾಗ ಕೈಕೊಡುತ್ತಿದ್ದ ವಿಮಾನದ ಪುಸ್ತಕದಲ್ಲಿ ದಿನವೂ ‘ನೋ ಸ್ನ್ಯಾಗ್’, ಅಂದರೆ ದೋಷವಿಲ್ಲ, ಎಂದೇ ಬರೆದಿರುತ್ತಿತ್ತು. ಬರೆದರೆ ವಿಮಾನ ನಿಲ್ಲುತ್ತದೆ, ನಿಂತರೆ ದುಡ್ಡು ನಿಲ್ಲುತ್ತದೆ. ಬಾಯಲ್ಲಿ ಹೇಳಿದ ಸ್ನ್ಯಾಗ್ ಮಧ್ಯಾಹ್ನದ ಊಟದೊಳಗೆ ಕರಗಿಹೋಗುತ್ತದೆ. ಬರೆಯಿರಿ. ಬರೆದದ್ದನ್ನು ಎಂಜಿನಿಯರ್ ಸಹಿ ಹಾಕಿ ಮುಚ್ಚಲೇಬೇಕು. ಹವಾಮಾನದ ವಿಷಯದಲ್ಲೂ ವಾದ ಬೇಡ, ‘ವಿಸಿಬಿಲಿಟಿ 5 ಕಿಲೋಮೀಟರ್ ಆದ ತಕ್ಷಣ ಹೊರಡ್ತೀನಿ ಸರ್’ ಅಂದರೆ ಸಾಕು. ಅಂಕಿಯ ಮೇಲೆ ಯಾರೂ ಕೂಗಾಡುವುದಿಲ್ಲ.

ಲಾಗ್‌ಬುಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮಲ್ಲಿ ಬಹಳ ಮಂದಿ ಗಂಟೆ ಕೂಡಿಸಿಕೊಂಡು ಏರ್‌ಲೈನಿಗೆ ಹೋಗಲು ಬಂದವರು. ದೊಡ್ಡ ಲೈಸೆನ್ಸಿಗೆ 1,500 ಗಂಟೆ ಬೇಕು. ಗಂಟೆ ಕೂಡಿಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಪೆನ್ನಿನಲ್ಲೇ ಹಾರಿಸಿದ ಗಂಟೆ ಮಾತ್ರ ಬೇಡ, ನಿಮ್ಮದೂ ಬೇಡ, ವಿದ್ಯಾರ್ಥಿಯದೂ ಬೇಡ.

ಮೊದಲ ಸೋಲೋ. ಅಸಿಸ್ಟೆಂಟ್ ರೇಟಿಂಗಿನಲ್ಲಿ ಆ ನಿರ್ಧಾರ ನಿಮ್ಮದಲ್ಲ, ಹಿರಿಯರದು. ಇದನ್ನು ಅವಮಾನ ಎಂದು ತಿಳಿಯುವವರಿದ್ದಾರೆ. ನಾನು ಇದನ್ನು ನಿಮಗೆ ಸಿಕ್ಕ ಅನುಕೂಲ ಎನ್ನುತ್ತೇನೆ. ಹಿರಿಯರು ಚೆಕ್ ಮುಗಿಸಿ ಇಳಿದ ಮೇಲೆ, ಸಾಧ್ಯವಾದರೆ, ಅವರ ಹತ್ತಿರ ಹೋಗಿ, ಏನು ನೋಡಿದಿರಿ ಎಂದು ಕೇಳಿ. ಅವರು ಲ್ಯಾಂಡಿಂಗಿನ ಚಂದ ನೋಡಿರುವುದಿಲ್ಲ. ಕೆಟ್ಟ ಅಪ್ರೋಚನ್ನು ಯಾರೂ ಹೇಳದೆ ತಾನಾಗಿ ಬಿಟ್ಟು ಗೋ-ಅರೌಂಡ್ ಹೋದನೇ ಅನ್ನುವುದನ್ನು ನೋಡಿರುತ್ತಾರೆ. ಮತ್ತೆ, ಸೋಲೋ ಹೋಗುವವರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿಡಿ. 152ರಂಥ ಪುಟ್ಟ ವಿಮಾನದ ಒಟ್ಟು ಭಾರವೇ ಸುಮಾರು 757 ಕಿಲೋ. ಅದರಿಂದ ನಿಮ್ಮ ಎಪ್ಪತ್ತು ಕಿಲೋ ಇಳಿದರೆ ಅದು ಬೇಗ ನೆಲ ಬಿಡುತ್ತದೆ, ಜೋರಾಗಿ ಏರುತ್ತದೆ, ಇಳಿಯುವಾಗ ರನ್‌ವೇ ಮೇಲೆ ತೇಲುತ್ತಾ ಹೋಗುತ್ತದೆ. ಹೇಳದಿದ್ದರೆ, ಒಬ್ಬಳೇ ಇರುವ ಹುಡುಗಿಗೆ ವಿಮಾನಕ್ಕೆ ಏನೋ ಆಗಿದೆ ಅನ್ನಿಸುತ್ತದೆ.

ಕೊನೆಗೆ, ಬಿಟ್ಟು ಹೋಗುವ ದಿನದ ಬಗ್ಗೆ. ಏರ್‌ಲೈನಿನ ಕಾಗದ ಬಂದ ಕೂಡಲೇ ಪೆಟ್ಟಿಗೆ ಕಟ್ಟುವವರನ್ನು ನೋಡಿದ್ದೇನೆ. ಅವರ ವಿದ್ಯಾರ್ಥಿಗಳು ಮುಂದಿನ ಇನ್‌ಸ್ಟ್ರಕ್ಟರ್ ಜೊತೆ ಹತ್ತು ಗಂಟೆ ಹಿಂದಕ್ಕೆ ಹೋಗುತ್ತಾರೆ, ಆ ಹತ್ತು ಗಂಟೆಯ ದುಡ್ಡನ್ನು ಅವರಪ್ಪ ಕೊಡುತ್ತಾರೆ. ಟ್ರೇನಿಂಗ್ ಫೈಲಿನಲ್ಲಿ ‘ಗುಡ್’, ‘ಸ್ಯಾಟಿಸ್‌ಫ್ಯಾಕ್ಟರಿ’ ಎಂದು ಬರೆದರೆ ಮುಂದಿನವರಿಗೆ ಏನೂ ತಿಳಿಯುವುದಿಲ್ಲ. ಪ್ರತಿಯೊಬ್ಬರಿಗೂ ಅರ್ಧ ಪುಟ ಬರೆದಿಡಿ: ಎಡಗಡೆಯಿಂದ ಅಡ್ಡಗಾಳಿ ಬಂದರೆ ರಡರ್ ಬೇಗ ಬಿಡುತ್ತಾನೆ, ಪುಟಿದರೆ ತಳ್ಳುವ ಚಟ ಇತ್ತು, ಈಗ ಹೋಗಿದೆ, ದಣಿದಾಗ ಮರಳುತ್ತದೆ, ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತಾಳೆ, ಕೇಳಿ. ಯಾವುದಕ್ಕೆ ನೀವು ಎಷ್ಟು ದೂರದವರೆಗೆ ಕೈ ಹಾಕದೆ ಬಿಟ್ಟಿದ್ದಿರಿ ಅನ್ನುವುದನ್ನೂ ಬರೆಯಿರಿ. ಹೊಸಬರು ತಮ್ಮ ಗೆರೆಯನ್ನು ಅಲ್ಲಿಂದ ಎಳೆದುಕೊಳ್ಳುತ್ತಾರೆ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಮುಂದಿನ ಸಾಲಿನವರು ಮೊದಲು.